ಎನೋಸನ ಕಲ್ಲಿನ ಮೇಲಿನ ಮಾತು

ಕೋಲ್ಡ್‌ಬ್ರೂಕ್, ಕನೆಕ್ಟಿಕಟ್
1742ನೇ ಇಸವಿ ಜೂನ್ 8, ಮಂಗಳವಾರ

ಪ್ರೀತಿಯ ತಂಗಿ ಜೆರೂಷಳಿಗೆ,

ನಿನ್ನ ಅಕ್ಕ ಕೆಜೀಯ ಬರೆಯುತ್ತಿದ್ದೇನೆ. ನಾವಿಲ್ಲಿ ಕೈಕಾಲು ಗಟ್ಟಿಯಾಗಿದ್ದೇವೆ. ನೀನೂ ನಿನ್ನ ಯಜಮಾನರೂ ಮಕ್ಕಳೂ ದೇವರ ದಯೆಯಿಂದ ಚೆನ್ನಾಗಿದ್ದೀರೆಂದು ನಂಬಿ ಮುಂದಕ್ಕೆ ಬರೆಯುತ್ತೇನೆ. ಕಡಲಾಚೆಯಿಂದ ನಿನ್ನ ಕಾಗದ ಹೊಳೆಯ ಹಿಮ ಕರಗಿ ಮೊದಲ ದೋಣಿ ಬಂದಾಗಲೇ ಕೈಸೇರಿತು. ಉತ್ತರಕ್ಕೆ ಇಷ್ಟು ತಡ ಮಾಡಿದ್ದಕ್ಕೆ ಬೈದುಕೊಂಡಿರುತ್ತೀ. ಬೈದುಕೋ, ತಪ್ಪು ನನ್ನದೇ. ಆದರೆ ಈ ವಸಂತದಲ್ಲಿ ನಮ್ಮ ಮನೆ ಮನೆಯಾಗಿರಲಿಲ್ಲ, ಸಂತೆಯಾಗಿತ್ತು. ಒಬ್ಬರು ಅಳುತ್ತ ಒಳಗೆ ಬಂದರೆ ಇನ್ನೊಬ್ಬರು ಹಾಡುತ್ತ ಹೊರಗೆ ಹೋಗುತ್ತಿದ್ದರು. ಮಸಿಕುಡಿಕೆಯ ಮುಚ್ಚಳ ತೆಗೆದಾಗಲೆಲ್ಲ ಯಾರೋ ಬಾಗಿಲು ತಟ್ಟುತ್ತಿದ್ದರು.

‘ಅಕ್ಕಾ, ಹೊಸ ಬೆಳಕು ಎಂಬ ಭಕ್ತಿಯ ಅಲೆ ಊರೂರಿಗೆ ಬರುತ್ತಿದೆಯಂತೆ, ನಿಮ್ಮೂರಿಗೂ ಬಂತೇ?’ ಎಂದು ಕೇಳಿದ್ದೀ. ಬಂತು. ಬಂದ ರಭಸಕ್ಕೆ ದೇವಾಲಯದ ಕಿಟಕಿಯ ಗಾಜು ಕೂಡ ಒಡೆಯಿತು. ಒಳಗೆ ಜಾಗ ಸಾಲದೆ ಹೊರಗಿನಿಂದ ಒರಗಿ ನಿಂತವರ ಮೊಣಕೈ ತಾಗಿ ಒಡೆದದ್ದು ಅದು. ಪವಿತ್ರಾತ್ಮನೇ ಒಡೆದನೆಂದು ಹೇಳುವವರೂ ಊರಲ್ಲಿದ್ದಾರೆ.

ನನ್ನ ಬುದ್ಧಿ ನಿನಗೆ ಗೊತ್ತು. ‘ನಮ್ಮ ಕೆಜೀಯ ಪರಲೋಕದ ಬಾಗಿಲಿಗೆ ಹೋದ್ರೂ ಮೊದ್ಲು ಕದದ ಹಿಂದೆ ಯಾರು ನಿಂತಿದಾರೆ ಅಂತ ಬಗ್ಗಿ ನೋಡ್ತಾಳೆ’ ಎಂದು ಅಮ್ಮ ನಗುತ್ತಿದ್ದಳಲ್ಲ. ಸಾಬೂನು ಕಾಯಿಸುವ ಮುಂಚೆ ಬೂದಿನೀರಿಗೆ ಒಂದು ಮೊಟ್ಟೆ ಬಿಟ್ಟು ನೋಡುತ್ತೇವೆ. ತೇಲಿದರೆ ಕ್ಷಾರ ಹದವಾಗಿದೆ, ಮುಳುಗಿದರೆ ಇನ್ನೂ ಇಲ್ಲ. ನಾನು ಮನುಷ್ಯರ ಮಾತಿಗೂ ಹಾಗೆ ಮೊಟ್ಟೆ ಬಿಟ್ಟು ನೋಡುವವಳು. ಅದರಿಂದ ಸ್ನೇಹಿತರು ಕಡಿಮೆಯಾದರು, ಮೋಸವೂ ಕಡಿಮೆಯಾಯಿತು.

ಆಸಹೆಲ್ ಫಿಚ್ ಎಂಬ ಊರೂರು ಸುತ್ತುವ ಪ್ರಸಂಗಿ ನಮ್ಮಲ್ಲಿಗೆ ಬಂದದ್ದು ಏಪ್ರಿಲ್‌ನಲ್ಲಿ, ಕಡಲಿನ ಶ್ಯಾಡ್ ಮೀನು ಹೊಳೆಗೆ ಏರುವ ಕಾಲಕ್ಕೆ. ಇನ್ನೂ ಗಡ್ಡ ಸರಿಯಾಗಿ ಬಲಿಯದ ಹುಡುಗ. ಯಾವ ಸಭೆಯೂ ಅವನನ್ನು ಪಾದ್ರಿಯಾಗಿ ನೇಮಿಸಿಲ್ಲ. ಕಾಲೇಜಿನಲ್ಲಿ ಗುರುಗಳಿಗೇ ‘ದೇವರು ನಿಮ್ಮ ಹೃದಯ ಮುಟ್ಟಿಲ್ಲ, ನಿಮಗೆ ಹೊಸ ಹುಟ್ಟು ಆಗಿಲ್ಲ’ ಎಂದು ಮುಖದ ಮೇಲೆ ಹೇಳಿ ಹೊರಬಿದ್ದವನಂತೆ. ನಿನ್ನ ಭಾವನ ಸ್ವಭಾವ ನಿನಗೆ ತಿಳಿದದ್ದೇ. ಈ ಊರಿನ ಪಾದ್ರಿಯಾಗಿ ಇಷ್ಟು ವರ್ಷದಲ್ಲಿ ಬಾಗಿಲಿಗೆ ಬಂದವರಿಗೆ ಇಲ್ಲ ಎಂದವರಲ್ಲ. ತಮ್ಮ ಪ್ರಸಂಗಪೀಠವನ್ನೂ ಬಿಟ್ಟುಕೊಟ್ಟರು, ಮೇಲಿನ ಕೋಣೆಯನ್ನೂ ಬಿಟ್ಟುಕೊಟ್ಟರು.

ಊಟಕ್ಕೆ ಕರೆದರೆ ಫಿಚ್ ಕಣ್ಣು ಮುಚ್ಚಿ, ‘ನಾನು ಉಪವಾಸ ತಾಯಿ, ನಿಮ್ಮೂರಿನ ಆತ್ಮಗಳಿಗೋಸ್ಕರ’ ಎನ್ನುತ್ತಿದ್ದ. ಸರಿ ಎಂದು ಸುಮ್ಮನಾದೆ. ಆದರೆ ಕಪಾಟಿನಲ್ಲಿಟ್ಟ ಮೇಪಲ್ ಸಕ್ಕರೆಯ ಗಟ್ಟಿ ದಿನದಿನಕ್ಕೆ ಸವೆಯುತ್ತಿತ್ತು. ಇಲಿ ಎಂದುಕೊಳ್ಳೋಣವೆಂದರೆ ನಮ್ಮ ಮನೆಯ ಇಲಿಗಳಿಗೆ ಚಾಕು ಹಿಡಿಯಲು ಬರುವುದಿಲ್ಲ. ಇದನ್ನು ನಿನ್ನ ಭಾವನಿಗೆ ಹೇಳಿದರೆ, ‘ಹಸಿದ ಹುಡುಗ, ಬಿಡು’ ಎಂದರು.

ಪ್ರಸಂಗ ಮಾತ್ರ, ಸುಳ್ಳು ಹೇಳಬಾರದು, ನನ್ನ ಮೈಯಲ್ಲೂ ನಡುಕ ಹುಟ್ಟಿಸಿತು. ನಿನ್ನ ಭಾವ ಕಾಗದ ನೋಡಿಕೊಂಡು ಮೆಲ್ಲಗೆ ಓದುವವರು. ಮರಳುಗಡಿಯಾರ ತಿರುಗಿಸಿಟ್ಟು, ಮರಳು ಮುಗಿದೊಡನೆ ಮುಗಿಸುವವರು. ಈ ಹುಡುಗನ ಕೈಯಲ್ಲಿ ಕಾಗದವೇ ಇಲ್ಲ. ನೆಲವನ್ನು ತೋರಿಸಿ, ‘ನೀವು ನಿಂತಿರೋ ಹಲಗೆ ಕೊಳೆತಿದೆ, ಕೆಳಗಿನ ಬೆಂಕಿ ನಿಮಗೆ ಕಾಣ್ತಿಲ್ವಾ?’ ಎಂದು ಕೇಳಿದರೆ ಗಂಡಸರೂ ಕಾಲು ಎತ್ತಿಕೊಳ್ಳುತ್ತಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಚೀರಿ ಬೀಳತೊಡಗಿದರು. ನಾನು ಬೀಳುವವರನ್ನು ನೋಡುತ್ತಾ ಕೂತೆ. ಸಭೆಯ ಹಿರಿಯರಾದ ಡೀಕನ್ ರೂಟರ ಹೆಂಡತಿ ಟ್ಯಾಬಿತ ಪ್ರತಿ ಸಲವೂ ಬಿದ್ದಳು, ಪ್ರತಿ ಸಲವೂ ದಿಂಬಿದ್ದ ಕಡೆಗೇ ಬಿದ್ದಳು. ಗೋಡೆಯ ಕಡೆಗೆ ಒಮ್ಮೆಯೂ ಬೀಳಲಿಲ್ಲ.

ಒಂದು ಮಾತು ಮಾತ್ರ ನನ್ನ ಲೆಕ್ಕಕ್ಕೆ ಸಿಗಲಿಲ್ಲ. ಪೀಪಾಯಿ ಕಟ್ಟುವ ಲೆಮ್ಯುಯೆಲ್ ನಿನಗೆ ನೆನಪಿರಬೇಕು, ರಮ್ ವಾಸನೆ ಬಿಟ್ಟು ಅವನನ್ನು ಯಾರೂ ಕಂಡಿರಲಿಲ್ಲ. ಅವನು ಎದ್ದು ನಿಂತು, ನೆರೆಯವನ ಹಂದಿಯ ಕಿವಿಗುರುತು ತಿದ್ದಿ ತನ್ನದೆಂದು ಹೇಳಿಕೊಂಡದ್ದನ್ನು ಒಪ್ಪಿಕೊಂಡ. ಮಾರನೆಯ ದಿನ ಹಂದಿಯನ್ನು ಬೀದಿಯುದ್ದಕ್ಕೂ ಅಟ್ಟಿಕೊಂಡು ಹೋಗಿ ಕೊಟ್ಟು ಬಂದ. ಅಳುವುದು ಎಲ್ಲರಿಗೂ ಬರುತ್ತದೆ, ಹಂದಿ ವಾಪಸ್ಸು ಕೊಡುವುದು ಎಲ್ಲರಿಗೂ ಬರುವುದಿಲ್ಲ. ಇವನಿನ್ನೂ ಕುಡಿಯದೆ ಇದ್ದಾನೆ, ನಾನಿನ್ನೂ ಕಾಯುತ್ತಿದ್ದೇನೆ.

ಇಷ್ಟಕ್ಕೇ ನಿಂತಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಮೇ ತಿಂಗಳಲ್ಲಿ ಫಿಚ್ ನಮ್ಮ ಮನೆ ಬಿಟ್ಟು ಡೀಕನ್ ರೂಟರ ಕೊಟ್ಟಿಗೆಯಲ್ಲಿ ಬೇರೆ ಕೂಟ ಶುರುಮಾಡಿದ. ಅಲ್ಲಿ, ನಮ್ಮ ಉಪ್ಪು ತಿಂದ ಬಾಯಲ್ಲೇ, ‘ನಿಮ್ಮ ಪಾದ್ರಿಗೆ ಹೊಸ ಹುಟ್ಟು ಆಗಿಲ್ಲ. ಕುರುಡನ ಕೈ ಹಿಡ್ಕೊಂಡು ಕುರುಡರು ಹೊರಟಿದೀರಿ, ಹಳ್ಳ ಮುಂದೇ ಇದೆ’ ಎಂದನಂತೆ. ಆ ವಾರದಿಂದ ನಮ್ಮ ಬಾಗಿಲಿಗೆ ಮೀನು ತಂದಿಡುವುದು ನಿಂತಿತು. ಬುಗ್ಗೆಯ ಹತ್ತಿರ ನೀರಿಗೆ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ‘ಏನಮ್ಮ, ನಮ್ಮ ಯಜಮಾನರ ವಿಷಯ ಮಾತಾಡ್ತಿದ್ರಾ?’ ಎಂದು ನಾನೇ ಕೇಳಿದೆ. ಟ್ಯಾಬಿತ ಕೊಡ ಎತ್ತಿಕೊಳ್ಳುತ್ತ, ‘ನಾವ್ಯಾರ ಹೆಸ್ರೂ ಎತ್ತಿಲ್ಲ ಪಾದ್ರಮ್ಮ. ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಕೋತೀರಿ?’ ಎಂದಳು.

ಎರಡು ದಿನ ಬಿಟ್ಟು ಅವಳ ಗಂಡ ಬಂದರು. ನಾನು ಹಿತ್ತಲಲ್ಲಿ ಸಾಬೂನಿನ ಕಡಾಯಿ ಕಲಕುತ್ತಿದ್ದೆ. ಡೀಕನ್ ರೂಟ್ ಟೋಪಿಯನ್ನು ಕೈಯಲ್ಲಿ ಹಿಡಿದಿದ್ದರು. ನಮ್ಮ ಮನೆಗೆ ಟೋಪಿ ಕೈಯಲ್ಲಿ ಹಿಡಿದು ಬಂದವರು ಬರಿಗೈಯಲ್ಲಿ ಹೋದದ್ದು ನಾನು ಕಂಡಿಲ್ಲ.

‘ತಪ್ಪು ತಿಳ್ಕೋಬೇಡಿ ಪಾದ್ರಮ್ಮೋರೇ, ಜನ ಕೇಳ್ತಿದಾರೆ. ನಾವೆಲ್ಲ ಸಭೆ ಮುಂದೆ ನಿಂತು, ದೇವರು ನಮ್ಮ ಮನಸ್ಸು ಹೇಗೆ ತಿರುಗಿಸ್ದ ಅಂತ ಸಾಕ್ಷಿ ಹೇಳೇ ಪ್ರಭುಭೋಜನಕ್ಕೆ ಕೂತೋರು. ಪಾದ್ರಿಗಳ ಸಾಕ್ಷಿ ಮಾತ್ರ ನಾವ್ಯಾರೂ ಕೇಳಿಲ್ಲ.’

‘ಅವರು ಬಾಸ್ಟನ್ನಲ್ಲಿ ಹೇಳಿ ಬಂದಿದಾರೆ. ಆಗ ನಿಮ್ಮ ದೇವಾಲಯಕ್ಕೆ ಸೂರೂ ಇರ್ಲಿಲ್ಲ.’

‘ಬಾಸ್ಟನ್ ದೂರ ಅಲ್ವಾ ತಾಯಿ.’

‘ದೂರಾನೇ. ಅಷ್ಟು ದೂರದಿಂದ ಬಂದು ನಿಮ್ಮ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ್ರಲ್ಲ, ಆಗ ದೂರ ಅನ್ನಿಸ್ಲಿಲ್ವಾ?’

ಡೀಕನ್ ನೆಲ ನೋಡಿದರು. ‘ಸಾಕ್ಷಿ ಹೇಳದಿದ್ರೆ ಪೀಠ ಬಿಡ್ಲಿ ಅಂತಿದಾರೆ ಜನ. ಪೀಠ ಬಿಟ್ರೆ ಈ ಮನೆ… ಮನೆ ಸಭೇದು. ನಾನು ಹೇಳ್ತಿಲ್ಲ, ಜನ ಹೇಳ್ತಿದಾರೆ.’

ಜನ ಎಂದರೆ ಯಾವಾಗಲೂ ಎದುರಿಗೆ ನಿಂತವನೇ. ನನಗೆ ಸಿಟ್ಟು ನೆತ್ತಿಗೇರಿತು. ಸೌಟು ಕೆಳಗಿಡದೆ, ‘ಆಯ್ತು, ಹೇಳ್ತಾರೆ. ಮುಂದಿನ ಸಬ್ಬತ್ ಆರಾಧನೆಯಲ್ಲೇ ಹೇಳ್ತಾರೆ. ನಿಮ್ಮ ಫಿಚ್‌ನ ಮುಂದಿನ ಬೆಂಚಲ್ಲಿ ಕೂರ್ಸಿ’ ಎಂದುಬಿಟ್ಟೆ. ಗಂಡನನ್ನು ಕೇಳದೆ ಗಂಡನ ಪರವಾಗಿ ಮಾತು ಕೊಟ್ಟೆ, ಜೆರೂಷ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದೆ. ನಿನ್ನ ಭಾವ ಜೋಳದ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

‘ಕೆಜೀ, ನನ್ನನ್ನ ಅಲ್ಲಿ ನಿಲ್ಲಿಸ್ಬೇಡ.’

‘ಯಾಕ್ರೀ? ಹೇಳೋಕೆ ಏನೂ ಇಲ್ವಾ?’

‘ಇರೋದ್ರಿಂದಾನೇ ಬೇಡ ಅಂತಿರೋದು.’

ನಾನು ಅದನ್ನು ವಿನಯ ಎಂದುಕೊಂಡೆ. ಆ ಮಾತಿಗೆ ಮೊಟ್ಟೆ ಬಿಡಲಿಲ್ಲ. ‘ನಮ್ಮ ಎನೋಸನ ಮಾತನ್ನೇ ಹೇಳಿ’ ಎಂದೆ. ‘ಅದಕ್ಕಿಂತ ದೊಡ್ಡ ಸಾಕ್ಷಿ ಇನ್ಯಾವುದಿದೆ? ಊರೇ ಅತ್ತುಬಿಡುತ್ತೆ, ಆ ಹುಡುಗನ ಬಾಯಿ ಮುಚ್ಚಿಹೋಗುತ್ತೆ.’ ಅವರು ಎದ್ದು ಓದುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸಬ್ಬತ್ತಿನವರೆಗೂ ಸರಿಯಾಗಿ ಅನ್ನ ಮುಟ್ಟಲಿಲ್ಲ.

ಎನೋಸನ ಮಾತನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಗಂಟಲು ಬೇನೆ ಊರಿನ ಮಕ್ಕಳನ್ನು ಮನೆಮನೆಯಿಂದ ಎತ್ತಿಕೊಂಡು ಹೋದ ಆ ಬೇಸಿಗೆಯಲ್ಲಿ ನೀನು ನಮ್ಮ ಸಹಾಯಕ್ಕೆಂದೇ ಬಂದಿದ್ದೆ, ಇನ್ನೂ ಮದುವೆಯಾಗಿರಲಿಲ್ಲ. ನನ್ನ ಏಳು ವರ್ಷದ ಕೂಸು ಅಂದು ಬೆಳಗಿನಿಂದ ನೀರು ನೀರು ಎನ್ನುತ್ತಿತ್ತು. ಮನೆಯ ನೀರು ಬಿಸಿಯಾಗಿದೆ, ಬುಗ್ಗೆಯ ತಣ್ಣೀರು ತರುತ್ತೇನೆಂದು ನಾನು ಹೋದೆ. ನೀನು ತಲೆದಿಂಬಿನ ಹತ್ತಿರ ಇದ್ದೆ, ನಿನ್ನ ಭಾವ ಕಾಲ ಬಳಿ ಇದ್ದರು. ವಾಪಸ್ಸು ಬಂದಾಗ ಅವರು ಹೊಸ್ತಿಲಲ್ಲಿ ನಿಂತು ನನ್ನ ಕೈಯಿಂದ ಕೊಡ ತೆಗೆದುಕೊಂಡರು. ‘ಹೋದ, ಕೆಜೀ. ಹೋಗೋ ಮುಂಚೆ ಕಣ್ಣು ಬಿಟ್ಟ. ಅಪ್ಪಾ, ಬಾಗಿಲು ತೆರೆದಿದೆ, ನಂಗೆ ಭಯ ಇಲ್ಲ ಅಂದ’ ಎಂದರು. ಆ ಮಾತನ್ನೇ ಅವನ ಕಲ್ಲಿನ ಮೇಲೆ ಕೆತ್ತಿಸಿದ್ದು. ಆ ವರ್ಷ ಮಕ್ಕಳನ್ನು ಮಣ್ಣಿಗಿಟ್ಟ ತಾಯಂದಿರೆಲ್ಲ ಬಂದು ಆ ಕಲ್ಲನ್ನು ಮುಟ್ಟಿ ಹೋಗುತ್ತಿದ್ದರು. ಟ್ಯಾಬಿತಳ ಇಬ್ಬರು ಹೆಣ್ಣುಮಕ್ಕಳೂ ಅದರ ಪಕ್ಕದಲ್ಲೇ ಇದ್ದಾರೆ. ನಾನು ಮಾತ್ರ ಪ್ರತಿ ವಸಂತದಲ್ಲಿ ಪಾಚಿ ಕೆರೆದು ಅಕ್ಷರ ತೊಳೆಯುತ್ತೇನೆ.

ದೋಣಿಯವನು ಗುರುವಾರ ಹೊರಡುತ್ತಾನಂತೆ. ಬೆನ್ನು ನೋಯುತ್ತಿದೆ, ಇವತ್ತಿಗೆ ಇಷ್ಟು ಸಾಕು.

ಗುರುವಾರ

ಮಿಕ್ಕದ್ದನ್ನು ಬೇಗ ಬರೆಯುತ್ತೇನೆ. ಮೊನ್ನೆ ಸಬ್ಬತ್ ದಿನ ಮಧ್ಯಾಹ್ನದ ಆರಾಧನೆಗೆ ದೇವಾಲಯ ತುಂಬಿ ಮೆಟ್ಟಿಲವರೆಗೂ ಜನ. ಫಿಚ್ ಮುಂದಿನ ಬೆಂಚಲ್ಲಿ, ನನ್ನ ಮಾತಿನಂತೆಯೇ. ನಾನು ಪಾದ್ರಿಗಳ ಮನೆಯವರ ಬೆಂಚಿನಲ್ಲಿ, ಒಗೆದ ಬಿಳಿ ಟೋಪಿ ಹಾಕಿಕೊಂಡು, ಜಂಬದಿಂದ ಕೂತಿದ್ದೆ. ನಿನ್ನ ಭಾವ ಪೀಠ ಹತ್ತಲಿಲ್ಲ. ತಪ್ಪಿತಸ್ಥರು ನಿಲ್ಲುವ ನಡುವಿನ ದಾರಿಯಲ್ಲಿ ಬಂದು ನಿಂತರು. ಕೈಯಲ್ಲಿ ಕಾಗದ ಇರಲಿಲ್ಲ. ಅದನ್ನು ಕಂಡು ನಾನು ಬೆಂಚಿನ ಅಂಚಿಗೆ ಸರಿದೆ.

‘ಆ ತರುಣ ಹೇಳಿದ್ದು ನಿಜ’ ಎಂದರು. ‘ನಾನು ಓದಿದ್ದನ್ನ ನಿಮಗೆ ಹೇಳ್ತಾ ಬಂದೆ, ಕಂಡದ್ದನ್ನಲ್ಲ. ನಿಮ್ಮೋರು ಸಾಯೋವಾಗ ಹಾಸಿಗೆ ಹತ್ರ ನಿಂತು ಬಾಯಿ ದೇವರ ಮಾತಾಡ್ತಿತ್ತು, ಮನಸ್ಸು ಊಟದ ಹೊತ್ತಾಯ್ತಾ ಅಂತ ನೋಡ್ತಿತ್ತು. ಬೇರೆಯೋರ ಸಾಕ್ಷಿ ತೂಗಿ ನೋಡಿ ಒಳಗೆ ಬಿಟ್ಟೆ, ಕೆಲವರನ್ನ ಹೊರಗೇ ನಿಲ್ಲಿಸಿದೆ. ನನಗೆ ಸಾಕ್ಷಿನೇ ಇರ್ಲಿಲ್ಲ.’ ಧ್ವನಿ ಏರಲಿಲ್ಲ, ಕಣ್ಣಲ್ಲಿ ನೀರೂ ಬರಲಿಲ್ಲ. ಆಮೇಲೆ ಇನ್ನೂ ಒಂದು ವಿಷಯ ಹೇಳಿದರು. ಅದನ್ನು ಬರೆಯಲು ಈಗ ನನ್ನ ಕೈ ಏಳುತ್ತಿಲ್ಲ, ಆಮೇಲೆ ನೋಡೋಣ.

ಇದೋ ಮುಗಿಯಿತು, ಪೀಠವೂ ಹೋಯಿತು, ಮನೆಯೂ ಹೋಯಿತು, ನಾನೇ ಕೈಯಾರೆ ಗುಂಡಿ ತೋಡಿದೆ ಎಂದುಕೊಂಡು ಮನಸ್ಸಿನಲ್ಲೇ ಪಾತ್ರೆಪಡಗ ಕಟ್ಟಲು ಶುರುಮಾಡಿದ್ದೆ. ಆದರೆ ನಡೆದದ್ದೇ ಬೇರೆ. ಮೊದಲು ಲೆಮ್ಯುಯೆಲ್ ಓಡಿಬಂದು ಅವರ ಕೈ ಹಿಡಿದುಕೊಂಡ. ಆಮೇಲೆ ಫಿಚ್ ಎದ್ದು ಬಂದು ಮಗುವಿನಂತೆ ಅಳುತ್ತಾ ಅವರ ಕೊರಳಿಗೆ ಬಿದ್ದ. ಇಡೀ ಸಭೆ ಹಾಡತೊಡಗಿತು. ಅವರೇ ನಮ್ಮ ಪಾದ್ರಿಯಾಗಿರಲಿ ಎಂದು ಗಂಡಸರೆಲ್ಲ ಅಲ್ಲಿಯೇ ಕೈ ಎತ್ತಿದರು. ಈ ವಾರ ನಮ್ಮ ಬಾಗಿಲಿಗೆ ಬಂದಷ್ಟು ಮೀನು, ಹಂದಿಮಾಂಸ, ಬೆಣ್ಣೆ ನಾನು ಮದುವೆಯಾಗಿ ಬಂದ ವರ್ಷವೂ ಬಂದಿರಲಿಲ್ಲ. ನಿನ್ನ ಭಾವ ಎರಡೆರಡು ಬಟ್ಟಲು ಗಂಜಿ ಉಣ್ಣುತ್ತಿದ್ದಾರೆ, ಮಲಗಿದೊಡನೆ ನಿದ್ದೆ ಹೋಗುತ್ತಾರೆ, ದನದ ಕೊಟ್ಟಿಗೆಯಲ್ಲಿ ಕೀರ್ತನೆ ಗುನುಗುತ್ತಾರೆ. ಹತ್ತು ವರ್ಷ ಚಿಕ್ಕವರಾದ ಹಾಗೆ ಕಾಣುತ್ತಾರೆ.

ಆ ದಿನ ಒಬ್ಬಳು ಮಾತ್ರ ಬೀಳಲೂ ಇಲ್ಲ, ಅಳಲೂ ಇಲ್ಲ, ಹಾಡಲೂ ಇಲ್ಲ. ಟ್ಯಾಬಿತ ರೂಟ್. ದಿಂಬು ಪಕ್ಕದಲ್ಲೇ ಇತ್ತು, ಅವಳು ನೆಟ್ಟಗೆ ಕೂತೇ ಇದ್ದಳು.

ಒಟ್ಟಿನಲ್ಲಿ ಮನೆ ಉಳಿಯಿತು, ಮರ್ಯಾದೆ ಉಳಿಯಿತು, ಪ್ರಭುವಿನ ಹೆಸರಿಗೆ ಮಹಿಮೆ ಬಂತು. ನೀನು ಚಿಂತೆ ಮಾಡಬೇಡ. ನಿನ್ನ ಹಿರಿಮಗಳಿಗೆ ಹಲ್ಲುನೋವು ಎಂದು ಬರೆದಿದ್ದೆ, ಲವಂಗ ಸಿಕ್ಕರೆ ಜಜ್ಜಿ ಇಡು. ಗಂಡನನ್ನು ಮಂಜಿನ ದಿನ ಕಡಲಿಗೆ ಬಿಡಬೇಡ. ಇಸ್ರಾಯೇಲನ್ನು ಕಾಯುವವನು ನಿನ್ನ ಮನೆಯ ಹೊಸ್ತಿಲನ್ನೂ ಕಾಯಲಿ, ನಿನ್ನ ಮಕ್ಕಳು ನಿನ್ನ ಕಣ್ಣೆದುರೇ ಬೆಳೆದು ನಿನಗೆ ಮೊಮ್ಮಕ್ಕಳನ್ನು ಕೊಡಲಿ. ನಿನ್ನ ಭಾವನ ಆಶೀರ್ವಾದವನ್ನೂ ಸೇರಿಸಿದ್ದೇನೆ.

ಇಂತು ನಿನ್ನ ಅಕ್ಕ,
ಕೆಜೀಯ ವೇಟ್

ಸಹಿ ಹಾಕಿದ ಮೇಲೆ ಬರೆದದ್ದು —

ಕಾಗದ ಮಡಿಸಿ ಅರಗು ಕಾಯಿಸಲಿಟ್ಟಿದ್ದೆ. ಮತ್ತೆ ಬಿಚ್ಚಿದ್ದೇನೆ. ಆ ಇನ್ನೊಂದು ವಿಷಯ ಬರೆಯದೆ ಕಳಿಸಿದರೆ ನಾನು ನಿನಗೆ ಏನೂ ಬರೆಯದ ಹಾಗೇ.

ನಡುದಾರಿಯಲ್ಲಿ ನಿಂತು ನಿನ್ನ ಭಾವ ಹೇಳಿದ್ದು ಇದು: ‘ನನ್ನ ಮಗ ಎನೋಸ್ ಸಾಯೋವಾಗ ಆ ಮಾತು ಹೇಳ್ಲಿಲ್ಲ. ಅದು ನಾನು ಕಟ್ಟಿದ ಮಾತು. ಅವನ ತಾಯಿ ಕೊಡ ಹಿಡ್ಕೊಂಡು ಬರೋದು ಕಾಣ್ತು, ಬರಿಗೈಯಲ್ಲಿ ಅವಳ ಎದುರಿಗೆ ನಿಲ್ಲೋಕಾಗದೆ ಕಟ್ಟಿದೆ. ಆಮೇಲೆ ನಿಮಗೆಲ್ಲ ಹೇಳಿದೆ, ಕಲ್ಲಲ್ಲೂ ಕೆತ್ತಿಸಿದೆ.’ ಊರೆಲ್ಲ ನನ್ನ ಕಡೆ ತಿರುಗಿ ನೋಡಿತು. ನಮ್ಮ ಸಭೆಯಲ್ಲಿ ಹೆಂಗಸು ಬಾಯಿ ತೆರೆಯುವಂತಿಲ್ಲ, ನಿನಗೆ ಗೊತ್ತು. ನಾನು ಟೋಪಿಯ ದಾರ ಹಿಡಿದುಕೊಂಡು ಕೂತೆ. ಆಮೇಲೆ ಎಲ್ಲರೂ ಹಾಡಿದರು.

ಮನೆಗೆ ಬಂದು ಕೇಳಿದೆ. ‘ಹಾಗಾದ್ರೆ ನನ್ನ ಮಗ ಏನಂದ?’

‘ನೆನಪಿಲ್ಲ ಕೆಜೀ’ ಎಂದರು. ‘ಇಷ್ಟು ವರ್ಷ ಆ ಒಂದೇ ಮಾತು ಹೇಳಿ ಹೇಳಿ, ನಿಜವಾಗಿ ಏನಾಯ್ತು ಅನ್ನೋದು ಅಳಿಸೇ ಹೋಗಿದೆ. ನನ್ನನ್ನ ಕ್ಷಮಿಸು. ದೇವರು ಕ್ಷಮಿಸಿದಾನೆ.’ ಆ ಸಂಜೆಯಿಂದ ಅವರಿಗೆ ನಿದ್ದೆ ಬರುತ್ತಿದೆ. ತಮ್ಮ ಹೊರೆ ಇಳಿಸಿದರು, ಎಲ್ಲಿ ಇಳಿಸಿದರೆಂದು ತಿರುಗಿ ನೋಡಲಿಲ್ಲ.

ನಾನು ಅವರ ಈ ತಪ್ಪೊಪ್ಪಿಗೆಯನ್ನೂ ನಂಬಿಲ್ಲ. ದೊಡ್ಡ ಪಾಪ ತಂದವನಿಗೆ ದೊಡ್ಡ ಅಪ್ಪುಗೆ ಸಿಗುವ ಕಾಲ ಇದು. ತರಲು ಏನೂ ಇಲ್ಲದವರು ಹುಡುಕಿ ತರುತ್ತಿದ್ದಾರೆ. ದಿನಗಟ್ಟಲೆ ಅನ್ನ ಬಿಟ್ಟು ಕೂತ ಮನುಷ್ಯನಿಗೆ ತಾನು ಮಾಡದ ಸುಳ್ಳೂ ಮಾಡಿದಂತೆ ಕಾಣಬಹುದು. ಒಟ್ಟಿನಲ್ಲಿ ಅವರು ಒಂದು ಸಲ ಸುಳ್ಳು ಹೇಳಿದ್ದಾರೆ. ಅಂದು ಹೊಸ್ತಿಲಲ್ಲೋ ಮೊನ್ನೆ ಸಭೆಯಲ್ಲೋ, ಅದು ನನಗೆ ಗೊತ್ತಿಲ್ಲ.

ನಿನ್ನೆ ಟ್ಯಾಬಿತ ಬಂದಿದ್ದಳು. ಒಂದು ರೊಟ್ಟಿ ತಂದು ಮೇಜಿನ ಮೇಲಿಟ್ಟು ನಿಂತೇ ಇದ್ದಳು. ‘ಪಾದ್ರಮ್ಮ, ನನ್ನ ಮಕ್ಕಳ ವಿಷಯದಲ್ಲೂ ಅವರು ಹಾಗೇ ಹೇಳಿದ್ದಾ? ಇಬ್ರೂ ನಗ್ತಾ ಹೋದ್ರು ಅಂದಿದ್ರು. ನಂಗೆ ಆಗ ಜ್ವರ, ನಾನು ನೋಡ್ಲಿಲ್ಲ’ ಎಂದಳು. ಇಬ್ಬರೂ ಕೂತು ಆ ರೊಟ್ಟಿಯನ್ನು ಮುರಿದು ತಿಂದೆವು. ಅವಳ ಅಳುವನ್ನು ಇಷ್ಟು ದಿನ ಆಡಿಕೊಂಡದ್ದಕ್ಕೆ ನನಗೆ ನಾಚಿಕೆಯಾಗಿದೆ.

ಸುಳ್ಳು ಮಾತು ಗೋರಿಯ ಮೇಲೆ ಇರಬಾರದೆಂದು ಫಿಚ್ ಹಟ ಹಿಡಿದಿದ್ದಾನೆ. ಹುಲ್ಲು ಕೊಯ್ಲು ಮುಗಿದ ಮೇಲೆ ಕಲ್ಲುಕುಟಿಗನನ್ನು ಕರೆಸಿ ಆ ಸಾಲನ್ನು ಕೆತ್ತಿ ತೆಗೆಸುತ್ತಾರಂತೆ. ನಿನ್ನ ಭಾವ ಒಪ್ಪಿದ್ದಾರೆ.

ಜೆರೂಷ, ಅಂದು ಆ ಕೋಣೆಯಲ್ಲಿ ಇನ್ನೊಬ್ಬರಿದ್ದರು, ಅದು ನೀನು. ಅವರು ಹೊಸ್ತಿಲಲ್ಲಿ ಆ ಮಾತು ಹೇಳಿದಾಗ ನಾನು ಅವರ ಹೆಗಲ ಮೇಲಿಂದ ನಿನ್ನನ್ನು ನೋಡಿ, ‘ಹೌದೇನೇ?’ ಎಂದೆ. ನೀನು ಕ್ಷಣ ತಡೆದು, ತಲೆ ಬಗ್ಗಿಸಿ, ‘ಹೌದಕ್ಕ’ ಎಂದೆ. ಹುಟ್ಟಿದಾಗಿನಿಂದ ಯಾರನ್ನೂ ನಂಬದ ನಾನು ಆ ‘ಹೌದಕ್ಕ’ವನ್ನು ಒರೆಗೆ ಹಚ್ಚಲಿಲ್ಲ. ನನಗೆ ಅದು ಬೇಕಾಗಿತ್ತು. ಮುಂದಿನ ವರ್ಷ ಮದುವೆಯಾಗಿ ಅಷ್ಟು ದೂರ ಹೋದವಳು ಒಮ್ಮೆಯಾದರೂ ನನ್ನನ್ನು ನೋಡಲು ಬರಲಿಲ್ಲವೇಕೆ ಎಂದು ಈಗ ಯೋಚಿಸುತ್ತಿದ್ದೇನೆ. ಕಡಲು ಅಡ್ಡ ಇತ್ತು ಎಂದು ಬರೆಯಬೇಡ, ಕಡಲು ದಾಟಿ ನಿನ್ನ ಕಾಗದ ಬರುತ್ತದೆ.

ನಿನ್ನ ಮೇಲೆ ನನಗೆ ಕೋಪವಿಲ್ಲ. ಇದ್ದರೂ ಆಮೇಲೆ ನೋಡಿಕೊಳ್ಳೋಣ. ಕುಟಿಗನು ಬರುವ ಮೊದಲು ಉತ್ತರ ಬರೆ. ನನ್ನ ಎನೋಸ್ ಏನೂ ಅನ್ನದಿದ್ದರೆ ಏನೂ ಅನ್ನಲಿಲ್ಲವೆಂದು ಬರೆ. ಭಯಪಟ್ಟಿದ್ದರೆ ಭಯಪಟ್ಟನೆಂದು ಬರೆ. ಅಮ್ಮ ಎಲ್ಲಿ ಎಂದು ನನ್ನನ್ನು ಕೇಳಿದ್ದರೆ ಅದನ್ನೂ ಬರೆ. ನೀರು ಕೇಳಿದ್ದರೆ ನೀರು ಎಂದೇ ಬರೆ, ನಾನು ಅದನ್ನು ತರಲೆಂದೇ ಹೋಗಿದ್ದೆ.